ಹುಬ್ಬಳ್ಳಿ ಮನೆಯಲ್ಲಿ ಸಮುದ್ರದ ಟ್ಯಾಂಕ್: 65 ಸಾವಿರ ಅಂದುಕೊಂಡಿದ್ದು 1.48 ಲಕ್ಷ ಆಗಿದ್ದು ಹೇಗೆ

ಸಮುದ್ರದ ಮೀನು ಸಾಕುವ ಉಪ್ಪುನೀರಿನ ಟ್ಯಾಂಕಿಗೆ ನನ್ನ ಮೊದಲ ಬಜೆಟ್ ಬರೆದ ಡೈರಿ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ. ಟ್ಯಾಂಕ್ 18 ಸಾವಿರ, ಸ್ಟ್ಯಾಂಡ್ 8, ಲೈಟ್ 12, ಪಂಪ್ 4, ಫಿಲ್ಟರ್ 8, ಕಲ್ಲು-ಮರಳು 10, ಮೀನು 5. ಒಟ್ಟು 65 ಸಾವಿರ, ಕೆಳಗೆ ಎರಡು ಗೆರೆ ಎಳೆದಿದ್ದೆ. ಈಗ ನೋಡಿದರೆ ನಗು ಬರುತ್ತದೆ, ಯಾಕೆಂದರೆ ಆ ಹಾಳೆಯಲ್ಲಿ ನೀರು ಅನ್ನೋ ಪದವೇ ಇಲ್ಲ. ಉಪ್ಪೂ ಇಲ್ಲ. ಕರೆಂಟೂ ಇಲ್ಲ. ಗಾಜಿನ ಡಬ್ಬಿಗೆ ಮಾತ್ರ ಬಜೆಟ್ ಹಾಕಿದ್ದೆ.

ಆರು ವರ್ಷ ಸಿಹಿನೀರಿನ ಮೀನು ಸಾಕಿದ ಧೈರ್ಯ ಅದು. ಗೋಲ್ಡ್‌ಫಿಶ್, ಏಂಜೆಲ್ ಎಲ್ಲ ಆಗಿತ್ತು. ವಿದ್ಯಾನಗರದಲ್ಲಿ ನಮ್ಮದು ಹಳೇ ಮನೆ, ಕೆಳಗೆ ನಾವು, ಮೇಲೆ ಒಂದು ಖಾಲಿ ರೂಮು. ಆ ರೂಮಿನಲ್ಲೇ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಇಡೋಣ ಅಂತ ಲೆಕ್ಕ. ಸಣ್ಣದರಿಂದ ಶುರು ಮಾಡು ಅಂತ ಎಲ್ಲರೂ ಹೇಳಿದರು. ಆದರೆ ಉಪ್ಪುನೀರಿನಲ್ಲಿ ಅದು ಸ್ವಲ್ಪ ಉಲ್ಟಾ. ನೀರು ಕಡಿಮೆ ಇದ್ದಷ್ಟೂ ಉಪ್ಪಿನ ಪ್ರಮಾಣ, ಬಿಸಿ, ಅಮೋನಿಯಾ ಎಲ್ಲ ಬೇಗ ಏರುಪೇರು ಆಗುತ್ತವೆ. ದೊಡ್ಡ ಟ್ಯಾಂಕ್ ನಮ್ಮ ತಪ್ಪನ್ನು ಒಂದೆರಡು ದಿನ ತಡೆದುಕೊಳ್ಳುತ್ತದೆ. ದುಡ್ಡನ್ನು ಮಾತ್ರ ತಡೆದುಕೊಳ್ಳುವುದಿಲ್ಲ!

ತೂಕದ ಲೆಕ್ಕ ಹಾಕಿದ ಮೇಲೆ ಮೇಲಿನ ರೂಮಿನ ಆಸೆ ಬಿಟ್ಟೆ. ಆ ಅಳತೆಯ ಟ್ಯಾಂಕ್ ಪೂರ್ತಿ ತುಂಬಿದರೆ 453 ಲೀಟರ್. ಮೇಲೆ ಎರಡು ಇಂಚು ಬಿಟ್ಟು, ಕಲ್ಲು-ಮರಳಿನ ಜಾಗ ಕಳೆದರೆ 380 ಲೀಟರ್ ನೀರು. 12 ಮಿಲಿಮೀಟರ್ ಗಾಜೇ ಹತ್ತಿರ ಹತ್ತಿರ 90 ಕಿಲೋ. ಕಲ್ಲು, ಮರಳು, ಸ್ಟ್ಯಾಂಡು, ಕೆಳಗಿನ ಇನ್ನೊಂದು ಟ್ಯಾಂಕು ಎಲ್ಲ ಸೇರಿ ಸುಮಾರು ಏಳು ಕ್ವಿಂಟಲ್. ಅಂದರೆ 14 ಚೀಲ ಸಿಮೆಂಟನ್ನು ಒಂದು ಮಂಚಕ್ಕಿಂತ ಸಣ್ಣ ಜಾಗದಲ್ಲಿ ಪೇರಿಸಿ ವರ್ಷಗಟ್ಟಲೆ ಬಿಟ್ಟಂತೆ. ಹಳೇ ಸ್ಲ್ಯಾಬಿನ ಮೇಲೆ ಬೇಡ ಅಂತ ಕೆಳಗಿನ ಪಡಸಾಲೆಯ ಗೋಡೆ ಬದಿಗೆ ಜಾಗ ಮಾಡಿದೆವು. ಅಲ್ಲಿದ್ದ ಟಿವಿ ಒಳಗಿನ ರೂಮಿಗೆ ಹೋಯಿತು. ಅದರ ಬಗ್ಗೆ ಮನೆಯಲ್ಲಿ ಇನ್ನೂ ಮಾತು ಬರುತ್ತದೆ.

ಸ್ಟ್ಯಾಂಡನ್ನು ಗೋಕುಲ ರೋಡ್ ಕಡೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಕಬ್ಬಿಣದ ಚೌಕ ಪೈಪು, ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್ ಹಾಳೆ. ಬಣ್ಣದಲ್ಲಿ ಉಳಿಸೋಕೆ ಹೋಗಿ ಮಾಮೂಲಿ ಗೇಟಿಗೆ ಹೊಡೆಯೋ ಪೇಂಟ್ ಹೊಡೆಸಿದೆ. ಮೂರೇ ತಿಂಗಳಿಗೆ ಮೂಲೆಗಳಲ್ಲಿ ತುಕ್ಕು. ಉಪ್ಪುನೀರಿನ ಹನಿ ಎಲ್ಲಿ ಬಿದ್ದರೂ ಒಣಗಿ ಬಿಳಿ ಪುಡಿಯಾಗಿ ಹರಡುತ್ತದೆ, ಬೇಡ ಅಂದರೂ. ತುಂಬಿದ ಟ್ಯಾಂಕ್ ಕೆಳಗೆ ಮಲಗಿಕೊಂಡು ಎಮರಿ ಕಾಗದ ತಿಕ್ಕಿ ಎಪಾಕ್ಸಿ ಹೊಡೆಯುವ ಸುಖ ನಿಮಗೆ ಬೇಡ, ಮೊದಲೇ ಹೊಡೆಸಿ.

ಇನ್ನು ಸಂಪ್. ಉಪ್ಪುನೀರಿನ ಹವ್ಯಾಸದಲ್ಲಿ ಸಂಪ್ ಅಂದರೆ ಮುಖ್ಯ ಟ್ಯಾಂಕಿನ ಕೆಳಗೆ, ಸ್ಟ್ಯಾಂಡಿನ ಒಳಗೆ ಇಡುವ ಎರಡನೇ ಗಾಜಿನ ಟ್ಯಾಂಕ್. ಮೇಲಿನ ನೀರು ಪೈಪಿನಲ್ಲಿ ಇಳಿದು ಅದಕ್ಕೆ ಬರುತ್ತದೆ, ಅಲ್ಲಿ ಶುದ್ಧವಾಗಿ ಪಂಪ್ ಮೂಲಕ ಮತ್ತೆ ಮೇಲೆ ಹೋಗುತ್ತದೆ. ನಮ್ಮ ಪ್ಲಂಬರ್‌ಗೆ ಫೋನಿನಲ್ಲಿ "ಸಂಪ್ ಕನೆಕ್ಷನ್ ಕೊಡಬೇಕ್ರಿ, ಬರ್ರಿ" ಅಂದೆ. ಬಂದವನೇ ಅಂಗಳದಲ್ಲಿ ಟೇಪ್ ಹಿಡಿದು ನಿಂತಿದ್ದ. "ಎಷ್ಟು ಫೂಟ್ ಆಳ ತಗಸೂಣ್ರಿ ಸರ?" ಅಂದ.

ಅದೇ ಸಂಪ್ ನನಗೆ ಮೊದಲ ಪಾಠವನ್ನೂ ಕಲಿಸಿತು. ಸೋರುತ್ತದೋ ನೋಡೋಣ ಅಂತ ಬರೀ ನಳದ ನೀರು ತುಂಬಿ ನಡೆಸುತ್ತಿದ್ದೆ. ರಾತ್ರಿ ಕರೆಂಟ್ ಹೋಯಿತು. ಪಂಪ್ ನಿಂತಾಗ ಮೇಲಿನ ಪೈಪು ಸೈಫನ್ ಆಗಿ ಟ್ಯಾಂಕಿನ ನೀರನ್ನೇ ಕೆಳಗೆ ಎಳೆಯಿತು. ಸಂಪ್‌ನಲ್ಲಿ ಜಾಗ ಬಿಟ್ಟಿರಲಿಲ್ಲ. ಬೆಳಗ್ಗೆ ಎದ್ದರೆ ಪಡಸಾಲೆ ತುಂಬ ನೀರು, ಅವ್ವ ಸೀರೆ ಎತ್ತಿ ಕಟ್ಟಿಕೊಂಡು ಕಸಬರಿಗೆ ಹಿಡಿದು ನಿಂತಿದ್ದಳು. ಆಮೇಲೆ ಮೇಲೆ ಹೋಗುವ ಪೈಪಿಗೆ, ನೀರಿನ ಮಟ್ಟದ ಸ್ವಲ್ಪ ಕೆಳಗೆ, ಒಂದು ಸಣ್ಣ ತೂತು ಕೊರೆದೆ. ಮಟ್ಟ ಅಲ್ಲಿಗೆ ಇಳಿದ ತಕ್ಷಣ ಗಾಳಿ ಸೇರಿ ಸೈಫನ್ ಮುರಿಯುತ್ತದೆ. ಸಂಪನ್ನೂ ಮುಕ್ಕಾಲಿಗಿಂತ ಕಡಿಮೆ ತುಂಬಿಸಿದೆ. ಖರ್ಚು ಸೊನ್ನೆ. ನೀವು ಬೇಕಂತಲೇ ಹಗಲಲ್ಲಿ ಹತ್ತು ಸಲ ಸ್ವಿಚ್ ಆರಿಸಿ ನೋಡಿ, ರಾತ್ರಿ ಕರೆಂಟ್ ಹೋಗುವವರೆಗೆ ಕಾಯಬೇಡಿ.

ಈಗ ನೀರಿನ ಮಾತು. ನಮ್ಮ ಓಣಿಗೆ ನಳ ಬರುವುದು ಐದಾರು ದಿನಕ್ಕೊಮ್ಮೆ. ಬೋರ್ ನೀರಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ಹಾಕಿದರೆ 900ರ ಮೇಲೆ, ನಳದಲ್ಲಿ ಬರುವ ಮಲಪ್ರಭಾ ನೀರು ಅದರ ಕಾಲು ಭಾಗವೂ ಇಲ್ಲ. ಅವ್ವ ಕೇಳಿದಳು, "ಅಲ್ಲೋ, ಉಪ್ಪು ನೀರ ಬೇಕಂದ್ರ ನಮ್ಮ ಬೋರ್ ನೀರೇನ ಕಡಿಮಿ ಸವಳೈತೇನು?" ನ್ಯಾಯವಾದ ಪ್ರಶ್ನೆನೇ. ಆದರೆ ಬೋರಿನ ಸವಳೇ ಬೇರೆ, ಸಮುದ್ರದ ಉಪ್ಪೇ ಬೇರೆ. ನೀರಿನಲ್ಲಿರುವ ನೈಟ್ರೇಟು, ಫಾಸ್ಫೇಟು ಪಾಚಿ ಬೆಳೆಸುತ್ತವೆ. ತಾಮ್ರ ಚೂರೇ ಚೂರು ಇದ್ದರೂ ಸಿಗಡಿ, ಬಸವನಹುಳು ಸಾಯುತ್ತವೆ. ಹಾಗಾಗಿ ಮೊದಲು ಆರ್‌ಓ ಫಿಲ್ಟರ್, ಆಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ದಾಟಿಸಿ ಟಿಡಿಎಸ್ ಸೊನ್ನೆಗೆ ತರಬೇಕು, ಆಮೇಲೆ ಅದಕ್ಕೆ ಉಪ್ಪು. ಈ ಯೂನಿಟ್ಟಿಗೆ 9 ಸಾವಿರ ಆಯಿತು. ಡೈರಿ ಹಾಳೆಯಲ್ಲಿ ಇರಲಿಲ್ಲ ಅಂತ ಬೇರೆ ಹೇಳಬೇಕಾ?

ಆರ್‌ಓ ಒಂದು ಲೀಟರ್ ಕೊಡಬೇಕಾದರೆ ಮೂರು ಲೀಟರ್ ಹೊರಗೆ ಬಿಡುತ್ತದೆ. ಸಂಪ್ ಸೇರಿ ನನಗೆ ಬೇಕಾಗಿದ್ದು 430 ಲೀಟರ್, ಅಂದರೆ 1,300 ಲೀಟರ್ ಪಕ್ಕಕ್ಕೆ ಹೋಗುವ ನೀರು. ಗಂಟೆಗೆ ಎಂಟು-ಹತ್ತು ಲೀಟರ್ ಬರುತ್ತಿತ್ತು, ಎರಡು ನಳದ ಸರದಿ ಕಾಯ್ದು ತುಂಬಿಸಿದೆ. ಹೊರಬಿಟ್ಟ ನೀರನ್ನೆಲ್ಲ ಡ್ರಮ್ಮಿಗೆ ಹಿಡಿದು ಪಾತ್ರೆ, ಬಟ್ಟೆ, ಗಿಡಕ್ಕೆ ಬಳಸಿದೆವು. ಆದರೂ ಹೆಂಡತಿ ಸುಮ್ನಿರಲಿಲ್ಲ: "ಮೀನಿಗೆ ಇಷ್ಟ ಚಂದ ಫಿಲ್ಟರ್ ನೀರು, ನಮಗ ನಳದ ನೀರು. ಭಾಳ ಚಲೋ ಆತು ಬಿಡ್ರಿ." ಕೊನೆಗೆ ಅಡುಗೆಮನೆಗೂ ಒಂದು ಫಿಲ್ಟರ್ ಬಂತು. ಅದನ್ನು ಈ ಬಜೆಟ್ಟಿಗೆ ಸೇರಿಸಿಲ್ಲ.

ಕಾರವಾರದಿಂದ ಸಮುದ್ರದ ನೀರೇ ತರಬಾರದಾ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಕೇಳಿಕೊಂಡಿದ್ದೆ, ಅಲ್ಲಿ ನೆಂಟರಿದ್ದಾರೆ ಬೇರೆ. ಜುಲೈನಲ್ಲಿ ಹೋದಾಗ ಎರಡು ಕ್ಯಾನ್ ತಂದು, ಉಪ್ಪಿನ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿದರೆ ತೋರಿಸಿದ್ದು 1.014 (ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವ ಅಂಕಿ). ನಮಗೆ ಬೇಕಾಗಿದ್ದು 1.025, ಅಂದರೆ ಲೀಟರಿಗೆ 35 ಗ್ರಾಂ ಹತ್ತಿರ ಉಪ್ಪು. ಮಳೆಗಾಲದಲ್ಲಿ ಕಾಳಿ ನದಿ ಅಷ್ಟು ಸಿಹಿನೀರು ತಂದು ಸುರಿಯುತ್ತದೆ. ಬೇಸಿಗೆಯಲ್ಲಿ ಉಪ್ಪು ಸರಿ ಇರಬಹುದು, ಆದರೆ 430 ಲೀಟರಿಗೆ 20 ಲೀಟರಿನ 22 ಕ್ಯಾನು, 160 ಕಿಲೋಮೀಟರ್ ಮೇಲಿನ ದಾರಿ, ಅರಬೈಲ್ ಘಾಟು, ಗಾಡಿ ಬಾಡಿಗೆ. ಆಮೇಲೆ ತಿಂಗಳು ತಿಂಗಳು ನೀರು ಬದಲಿಸಲು ಮತ್ತೆ ಹೋಗಬೇಕು. 20 ಕಿಲೋ ಉಪ್ಪಿನ ಬಕೆಟ್ 5,500 ರೂಪಾಯಿಗೆ ಬಂತು, ಮೊದಲ ಸಲ ಹದಿನೈದೂವರೆ ಕಿಲೋ ಹಿಡಿಯಿತು. ಅಡುಗೆ ಉಪ್ಪು ನಡೆಯುವುದಿಲ್ಲ. ಸಮುದ್ರದ ನೀರಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ ಎಲ್ಲ ಲೆಕ್ಕಕ್ಕೆ ಸರಿಯಾಗಿ ಇರುತ್ತವೆ.

ನನಗೆ ನಿಜವಾಗಿ ಹೊಡೆತ ಕೊಟ್ಟಿದ್ದು ಕರೆಂಟು. ಅದೂ ಗೃಹಜ್ಯೋತಿಯ ಕಾರಣಕ್ಕೆ. ಈ ಯೋಜನೆಯಲ್ಲಿ 2022-23ರ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ ಫ್ರೀ ಯೂನಿಟ್ ಕೊಡುತ್ತಾರೆ. ಅದಕ್ಕಿಂತ ಜಾಸ್ತಿ ಆಗಿ 200ರ ಒಳಗಿದ್ದರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ನಮ್ಮ ಸರಾಸರಿ 112, ಫ್ರೀ ಸಿಗುತ್ತಿದ್ದದ್ದು 123. ನನ್ನ ಮೊದಲ ಪಂಪ್ ಅಗ್ಗದ್ದು, 85 ವ್ಯಾಟ್. ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಮತ್ತು ಅಲೆ ಎಬ್ಬಿಸುವ ವೇವ್‌ಮೇಕರ್ ಎರಡೂ ಸೇರಿ 45. ಇವೆಲ್ಲ ದಿನದ 24 ಗಂಟೆ ಓಡಬೇಕು. ಲೈಟೂ ಸೇರಿ ತಿಂಗಳಿಗೆ 112 ಯೂನಿಟ್, ಅಂದರೆ ಮೀನುಗಳು ನಮ್ಮ ಇಡೀ ಮನೆಯಷ್ಟೇ ಕರೆಂಟ್ ತಿಂದವು. ಒಟ್ಟು 224. ಝೀರೋ ಬಿಲ್ ಬರುತ್ತಿದ್ದ ಮನೆಗೆ ಒಂದೇ ಸಲ ಸಾವಿರದ ಎಂಟುನೂರರ ಬಿಲ್ ಬಂತು.

ಆಮೇಲೆ 9 ಸಾವಿರ ಕೊಟ್ಟು 40 ವ್ಯಾಟಿನ ಡಿಸಿ ಪಂಪ್ ಹಾಕಿದೆ. ತಿಂಗಳಿಗೆ 32 ಯೂನಿಟ್ ಇಳಿದು 192ಕ್ಕೆ ಬಂತು, ಈಗ ಐನೂರರ ಒಳಗೆ ಮುಗಿಯುತ್ತದೆ. ಹಳೇ ಪಂಪಿನ ನಾಲ್ಕೂವರೆ ಸಾವಿರ ಹೋಯಿತು, ಅದು ದಂಡ. ಯಾವ ವಸ್ತು ಕೊಳ್ಳುವ ಮೊದಲೂ ವ್ಯಾಟ್ ನೋಡಿ, 24ರಿಂದ ಗುಣಿಸಿ, 30ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಆಮೇಲೆ ನಿಮ್ಮ ಹೆಸ್ಕಾಂ ಬಿಲ್ ಪಕ್ಕದಲ್ಲಿ ಇಟ್ಟು ನೋಡಿ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೆ ಒಂದು ವೇವ್‌ಮೇಕರ್ ಮಾತ್ರ ಓಡುವಂತೆ ಮಾಡಿದ್ದೇನೆ. ನೀರು ಅಲುಗಾಡುತ್ತಿದ್ದರೆ ಆಮ್ಲಜನಕ ಸಿಗುತ್ತದೆ, ಅಷ್ಟು ಸಾಕು.

ಸ್ಕಿಮ್ಮರಿಗೆ 14 ಸಾವಿರ. ಅದು ನೊರೆ ಎಬ್ಬಿಸಿ ಕೊಳೆ ಕೊಳೆಯುವ ಮೊದಲೇ ತೆಗೆಯುತ್ತದೆ, ಕಪ್ಪಿನಲ್ಲಿ ಕಂದು ನೀರು ತುಂಬುತ್ತದೆ, ಆ ವಾಸನೆ ಬಗ್ಗೆ ಬರೆಯುವುದು ಬೇಡ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್ 6 ಸಾವಿರ, ರಿಫ್ರಾಕ್ಟೋಮೀಟರ್ 2 ಸಾವಿರ. ಇವೆರಡರಲ್ಲಿ ಚೌಕಾಸಿ ಮಾಡಬೇಡಿ. ಲೈಟಿನಲ್ಲಿ ಮಾಡಬಹುದು, ಬರೀ ಮೀನಿದ್ದರೆ. ಹವಳ ಸಾಕಬೇಕು ಅಂದರೆ ಲೈಟ್, ಡೋಸಿಂಗ್ (ಕ್ಯಾಲ್ಸಿಯಂ ಮುಂತಾದವನ್ನು ನೀರಿಗೆ ಸೇರಿಸುತ್ತಿರುವುದು) ಎಲ್ಲ ಸೇರಿ ಬಜೆಟ್ ಬೇರೆಯೇ ಆಗುತ್ತದೆ. ನಾನು ಮೊದಲ ವರ್ಷ ಬರೀ ಮೀನು ಅಂತ ತೀರ್ಮಾನ ಮಾಡಿದೆ.

ಕಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸಮುದ್ರದಿಂದ ತೆಗೆದ ಹವಳದ ಕಲ್ಲು ಕೊಡಿಸುತ್ತೇವೆ ಅನ್ನುವವರು ಸಿಗುತ್ತಾರೆ. ಬೇಡ. ನಮ್ಮ ಸಮುದ್ರದ ಹವಳ, ಕಡಲಕುದುರೆ ಎಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ನಾನು ಮನುಷ್ಯರೇ ಮಾಡಿದ ಒಣ ಕಲ್ಲು 30 ಕಿಲೋ ತಂದೆ, ಹತ್ತೂವರೆ ಸಾವಿರ ಆಯಿತು. ಒಣ ಕಲ್ಲಿನಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ, ಬೆಳೆಸಬೇಕು. ಅಮೋನಿಯಾ ನೈಟ್ರೈಟ್ ಆಗಿ, ಅದು ನೈಟ್ರೇಟ್ ಆಗಿ, ಮೊದಲಿನ ಎರಡೂ ಸೊನ್ನೆಗೆ ಬರುವವರೆಗೆ ಖಾಲಿ ಟ್ಯಾಂಕ್ ಓಡಿಸಬೇಕು. ನಾಲ್ಕರಿಂದ ಆರು ವಾರ. ಈ ಕಾಯುವಿಕೆಗೆ ದುಡ್ಡು ಬೇಡ, ಆದರೆ ಅದೇ ಕಷ್ಟ. ಮನೆಗೆ ಬಂದವರೆಲ್ಲ "ಮೀನ ಎಲ್ಲಿ ಅದಾವ್ರಿ?" ಅಂತ ಕೇಳುತ್ತಿದ್ದರು. ಹನ್ನೆರಡನೇ ದಿನ ತಡೆಯಲಾರದೆ ಒಂದು ಕ್ಲೌನ್ ಮೀನು ಬಿಟ್ಟೆ. ಮೂರು ದಿನ ಮೇಲೆ ಬಂದು ಬಾಯಿ ಬಡಿಯಿತು, ನಾಲ್ಕನೇ ದಿನ ಇರಲಿಲ್ಲ. ಟೆಸ್ಟ್ ಕಿಟ್ ಮನೆಯಲ್ಲೇ ಇತ್ತು, ಸೀಲ್ ಒಡೆದಿರಲಿಲ್ಲ. ಇದನ್ನು ಬರೆಯೋಕೆ ಈಗಲೂ ನಾಚಿಕೆ.

ಎರಡನೇ ಸಲ ಏಳನೇ ವಾರದಲ್ಲಿ ಬೆಂಗಳೂರಿಗೆ ನಾನೇ ಹೋಗಿ ಥರ್ಮಾಕೋಲ್ ಡಬ್ಬಿಯಲ್ಲಿ ರಾತ್ರಿ ಬಸ್ಸಿನಲ್ಲಿ ತಂದೆ. ಟ್ಯಾಂಕಿನಲ್ಲೇ ಹುಟ್ಟಿ ಬೆಳೆದ ಎರಡು ಕ್ಲೌನ್ ಮೀನು. ಇವನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೇ ರೂಪಿಸಿದ್ದಾರೆ, ಸಮುದ್ರದಲ್ಲಿ ಹಿಡಿದದ್ದೇ ಬೇಕು ಅಂತಿಲ್ಲ. ಜೊತೆಗೆ ಎರಡು ಬ್ಯಾಂಗೈ ಕಾರ್ಡಿನಲ್ ಮೀನು, ಸ್ವಲ್ಪ ಬಸವನಹುಳು. ನೀಲಿ ಟ್ಯಾಂಗ್ ತಗೊಳ್ಳಿ ಅಂತ ಅಂಗಡಿಯವರು ಒತ್ತಾಯ ಮಾಡಿದರು. ಅದು ಒಂದು ಅಡಿವರೆಗೆ ಬೆಳೆಯುವ ಮೀನು, ನಾಲ್ಕಡಿ ಟ್ಯಾಂಕ್ ಅದಕ್ಕೆ ಜೈಲು.

ಎಲ್ಲ ಮುಗಿಸಿ ಚೀಟಿ ಕೂಡಿಸಿದಾಗ 1 ಲಕ್ಷ 48 ಸಾವಿರ. ತಿಂಗಳಿಗೆ ಉಪ್ಪು, ಆಹಾರ, ಕರೆಂಟು, ಫಿಲ್ಟರ್ ಸೇರಿ ಎರಡೂವರೆ ಸಾವಿರದ ಮೇಲೆ. ಈಗ ಯಾರಾದರೂ ಕೇಳಿದರೆ ಈ ತಿಂಗಳ ಲೆಕ್ಕವನ್ನೇ ಮೊದಲು ಹೇಳುತ್ತೇನೆ. ಒಂದೂವರೆ ಲಕ್ಷವನ್ನು ಹೇಗೋ ಕೂಡಿಸಬಹುದು, ಆದರೆ ಎರಡೂವರೆ ಸಾವಿರ ಪ್ರತಿ ತಿಂಗಳು, ದಸರೆಗೂ ದೀಪಾವಳಿಗೂ ಮಕ್ಕಳ ಫೀಸು ಕಟ್ಟುವ ಜೂನಿನಲ್ಲೂ ಕೊಡಬೇಕಲ್ಲ.

ನೀರು ತಂಪು ಮಾಡುವ ಚಿಲ್ಲರ್ ಮಾತ್ರ ಇನ್ನೂ ತಗೊಂಡಿಲ್ಲ. ಕೇಳಿದ್ದರಲ್ಲಿ ಅಗ್ಗದ್ದೇ 32 ಸಾವಿರ, ಅದನ್ನು ಹಾಕಿದರೆ ಗೃಹಜ್ಯೋತಿ ಗ್ಯಾರಂಟಿ ಹೋಗುತ್ತದೆ. ನಮ್ಮ ಬೇಸಿಗೆ ಒಣ ಬಿಸಿಲು, ಮಂಗಳೂರಿನ ಹಾಗೆ ಬೆವರುವ ಬಿಸಿಲಲ್ಲ. ಹಾಗಾಗಿ ನೀರಿನ ಮೇಲೆ ಗಾಳಿ ಬೀಸುವ ನಾಲ್ಕು ಸಣ್ಣ ಫ್ಯಾನ್ ಹಾಕಿದರೆ ಆವಿಯಾಗಿ ಮೂರು ಡಿಗ್ರಿ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಹೊರಗೆ 38 ಇದ್ದಾಗ ಟ್ಯಾಂಕ್ 28ರಲ್ಲಿ ನಿಂತಿತು. ಬದಲಿಗೆ ದಿನಕ್ಕೆ ಆರೇಳು ಲೀಟರ್ ನೀರು ಆರಿ ಹೋಗುತ್ತದೆ. ಉಪ್ಪು ಆರುವುದಿಲ್ಲ, ಹಾಗಾಗಿ ಬರೀ ಆರ್‌ಓ ನೀರೇ ಸುರಿಯಬೇಕು. ಆ ಕೆಲಸ ಈಗ ಅವ್ವನದು. ಬೆಳಗ್ಗೆ ತುಳಸಿಗೆ ನೀರು ಹಾಕಿ ಬಂದು, ಗಾಜಿನ ಮೇಲೆ ನಾನು ಎಳೆದ ಕಪ್ಪು ಗೆರೆ ಮುಟ್ಟುವವರೆಗೆ ತಂಬಿಗೆಯಲ್ಲಿ ಸುರಿಯುತ್ತಾಳೆ. ಮೊದಲ ವಾರ ತಾಮ್ರದ ತಂಬಿಗೆ ಹಿಡಿದು ಬಂದಿದ್ದಳು, ಓಡಿ ಹೋಗಿ ಪ್ಲಾಸ್ಟಿಕ್ ಮಗ್ ಕೊಟ್ಟೆ.