ಮಾಗೊಮೆಯಿಂದ ತ್ಸುಮಾಗೊಗೆ: ಹಳೆಯ ಹೆದ್ದಾರಿಯನ್ನು ಓದುತ್ತ ನಡೆಯುವ ಬಗೆ

ಊರಿನಿಂದ ಬಂಧುಗಳು ಜಪಾನಿನ ನಾಗೊಯಾದ ನಮ್ಮ ಮನೆಗೆ ಬಂದಾಗಲೆಲ್ಲ ಒಂದು ದಿನವನ್ನು ಕಿಸೊ ಕಣಿವೆಗೆಂದು ಎತ್ತಿಡುತ್ತೇನೆ. ನಕಾಸೆಂದೊ ಹೆದ್ದಾರಿಯ ಎರಡು ತಂಗುಪಟ್ಟಣಗಳಾದ ಮಾಗೊಮೆ ಮತ್ತು ತ್ಸುಮಾಗೊ ಅಲ್ಲಿವೆ. ನಡುವೆ ಸುಮಾರು 8 ಕಿಲೋಮೀಟರ್ ಕಾಲುದಾರಿ. ಮರದ ಮನೆಗಳ ಮುಂದೆ ಫೋಟೊ ತೆಗೆಸಿಕೊಂಡು ಬಸ್ಸಿನಲ್ಲಿ ಮರಳಿದರೆ ಈ ಊರುಗಳು ಯಾಕೆ ಹುಟ್ಟಿದವು ಎಂಬುದು ತಿಳಿಯುವುದಿಲ್ಲ, ನಡೆಯಲೇಬೇಕು.

ರೈಲಿನಲ್ಲಿ ನಾಕಾತ್ಸುಗಾವಾಕ್ಕೆ ಬಂದು ಮಾಗೊಮೆಯ ಬಸ್ಸು ಹಿಡಿಯಿರಿ. ಮಾಗೊಮೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ದಾರಿಯ ನೆತ್ತಿ 800ರ ಆಸುಪಾಸು. ತ್ಸುಮಾಗೊ ಇನ್ನೂ ತಗ್ಗಿನಲ್ಲಿರುವುದರಿಂದ ಅಲ್ಲಿಂದ ಹೊರಟವರಿಗೆ ಏರು ಹೆಚ್ಚು. ಹಿರಿಯರು ಜೊತೆಗಿದ್ದರೆ ಮಾಗೊಮೆಯಿಂದಲೇ ಹೊರಡಿ.

ಹೊರಡುವ ಮುನ್ನ ಇಷ್ಟು ತಿಳಿದಿರಲಿ. 1602ರಲ್ಲಿ, ಆಗ ದೇಶವನ್ನು ಆಳುತ್ತಿದ್ದ ತೊಕುಗಾವಾ ಮನೆತನದ ಆಡಳಿತ ಈ ಹೆದ್ದಾರಿಯ ಪಟ್ಟಣಗಳಿಗೆ ಒಂದು ಕರ್ತವ್ಯ ವಿಧಿಸಿತು: ಆಳು, ಕುದುರೆ ಸದಾ ಸಿದ್ಧವಿರಬೇಕು, ಸರಕಾರಿ ಹೊರೆಯನ್ನು ಮುಂದಿನ ಪಟ್ಟಣಕ್ಕೆ ಮುಟ್ಟಿಸಬೇಕು. ಅಲ್ಲಿ ಹೊರೆ ಬೇರೆ ಕುದುರೆಗಳ ಬೆನ್ನಿಗೆ ಏರುತ್ತಿತ್ತು. ಎದೊ ಅಂದರೆ ಇಂದಿನ ಟೋಕಿಯೊದಿಂದ ಕ್ಯೋಟೊವರೆಗೆ ಸುಮಾರು 530 ಕಿಲೋಮೀಟರಿನಲ್ಲಿ ಇಂಥ 69 ತಾಣಗಳಿದ್ದವು. ಕರಾವಳಿಯ ತೊಕೈದೊ ಹೆದ್ದಾರಿಯಲ್ಲಿ ಪ್ರತಿ ಪಟ್ಟಣಕ್ಕೆ 100 ಆಳು, 100 ಕುದುರೆ ಗೊತ್ತುಮಾಡಿದ್ದರೆ ನಕಾಸೆಂದೊಗೆ 50, ಬಡ ಕಿಸೊ ಕಣಿವೆಗೆ 25 ಮಾತ್ರ. ಪ್ರಭುಗಳ ಮೆರವಣಿಗೆ ಬಂದಾಗ ಇದು ಎಲ್ಲಿ ಸಾಲುತ್ತದೆ? ಸುತ್ತಲಿನ ಹಳ್ಳಿಯ ರೈತರು ಗದ್ದೆ ಬಿಟ್ಟು ಹೊರೆ ಹೊರಲು ಬರಬೇಕಾಗುತ್ತಿತ್ತು. 1861ರಲ್ಲಿ ದೇಶವಾಳುವ ಸೇನಾಧಿಪತಿಯಾದ ಶೋಗನ್‌ನನ್ನು ವರಿಸಲು ಹೊರಟ ರಾಜಕುಮಾರಿ ಕಾಜುನೊಮಿಯಾ ಇದೇ ದಾರಿಯಲ್ಲಿ ಸಾಗಿದಳು. ಆಕೆಯ ಹೆಸರು ಉಳಿದಿದೆ. ಆ ಸಾಮಾನು ಹೊತ್ತವರ ಹೆಸರನ್ನು ನಾನು ಪ್ರತಿ ಸಲವೂ ಹುಡುಕುತ್ತೇನೆ.

ಮಾಗೊಮೆಯಲ್ಲಿ ಗೋಡೆಗಳಿಗೆ ಮರುಳಾಗಬೇಡಿ. 1895 ಮತ್ತು 1915ರ ಬೆಂಕಿಯಲ್ಲಿ ಹಳೆಯ ಮನೆಗಳು ಸುಟ್ಟುಹೋದವು. ನೋಡಬೇಕಾದುದು ಕಾಲಡಿಯ ಕಲ್ಲುಹಾಸನ್ನು ಮತ್ತು ಬೀದಿ ಥಟ್ಟನೆ ಲಂಬವಾಗಿ ತಿರುಗುವ ಮೂಲೆಯನ್ನು. ಅದರ ಹೆಸರು ಮಸುಗಾತಾ. ಶತ್ರು ನೇರವಾಗಿ ನುಗ್ಗದಿರಲಿ ಎಂದು ಮಾಡಿದ್ದು. ಇಲ್ಲೇ ಒಂದು ಗೊಹೆಇ ಮೊಚಿ ತಿನ್ನಿ. ಅನ್ನವನ್ನು ಕುಟ್ಟಿ ಕಡ್ಡಿಗೆ ಮೆತ್ತಿ, ಅಕ್ರೋಟಿನ ಸಿಹಿ-ಉಪ್ಪಿನ ಲೇಪ ಹಚ್ಚಿ ಕೆಂಡದಲ್ಲಿ ಸುಡುತ್ತಾರೆ.

ಕಾಡಿನ ದಾರಿಯಲ್ಲಿ ಕರಡಿಯನ್ನು ಎಚ್ಚರಿಸುವ ಗಂಟೆಗಳಿವೆ. ತಪ್ಪದೆ ಬಾರಿಸಿ. ನೆತ್ತಿ ದಾಟಿದ ಮೇಲೆ ಒಂದು ಹಳೆಯ ಚಹಾಮನೆ ಸಿಗುತ್ತದೆ. ಹೊರೆಯಾಳುಗಳು ಉಸಿರು ತೆಗೆದುಕೊಳ್ಳುತ್ತಿದ್ದ ತಾಣಗಳು ಇಂಥವೇ. ಕಳೆದ ಸಲ ಜೊತೆಗಿದ್ದ ಸೋದರಮಾವ ಅಲ್ಲಿ ಕುಳಿತು, "ಬರಿಗೈಯಲ್ಲಿ ಬಂದ ನನಗೇ ಮಂಡಿ ಹಿಡಿಯಿತು, ಮೂಟೆ ಹೊತ್ತವನ ಪಾಡೇನು!" ಎಂದರು.

ತ್ಸುಮಾಗೊದಲ್ಲಿ ಸಮಯ ಕಡಿಮೆಯಿದ್ದರೂ ಒಕುಯಾ ಎಂಬ ಮನೆಯನ್ನು ಬಿಡಬೇಡಿ. ಪ್ರಭುಗಳ ಮುಖ್ಯ ಬಿಡಾರ ಹೊನ್‌ಜಿನ್, ಅದಕ್ಕೆ ಜೋಡಿಯಾದ ಎರಡನೆಯ ಬಿಡಾರ ಇದು. ಈಗಿನ ಕಟ್ಟಡ 1877ರದು, ಹಿನೊಕಿ ಅಂದರೆ ಜಪಾನಿ ಸೈಪ್ರೆಸ್ ಮರದ್ದು. ಮೊದಲು ಈ ಕಣಿವೆಯನ್ನು ಆಳುತ್ತಿದ್ದ ಒವಾರಿ ಸಂಸ್ಥಾನ, ಹಿನೊಕಿಯೂ ಸೇರಿ ಕಿಸೊದ ಐದು ಜಾತಿಯ ಮರಗಳನ್ನು ಕಡಿಯಕೂಡದೆಂದು ವಿಧಿಸಿತ್ತು. "ಒಂದು ಮರಕ್ಕೆ ಒಂದು ತಲೆ" ಎಂಬುದು ಅಲ್ಲಿನ ಮಾತು. ಆ ನಿಷೇಧ ಹೋದ ಮೇಲೆ ಎದ್ದ ಮನೆ ಇದು. ಮಲೆನಾಡಿನಲ್ಲಿ ಬೆಳೆದ ಮಾವ ಆ ತೊಲೆಗಳನ್ನು ನೋಡುತ್ತ ಬಹಳ ಹೊತ್ತು ನಿಂತುಬಿಟ್ಟರು.

ಈ ಕಡೆಯ ರೈಲು ಮಾರ್ಗ 1911ರಲ್ಲಿ ಪೂರ್ಣಗೊಂಡು ಊರನ್ನು ಬಿಟ್ಟು ಹೋಯಿತು, ಜನರೂ ಹೋದರು. ಉಳಿದವರು 1968ರಲ್ಲಿ ಮನೆಗಳ ದುರಸ್ತಿಗೆ ಕೈಹಾಕಿದರು. ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂದು 1971ರಲ್ಲಿ ಬರೆದುಕೊಂಡರು. 1976ರಲ್ಲಿ ಸರಕಾರ ಇದನ್ನು ಸಂರಕ್ಷಿತ ಪ್ರದೇಶವಾಗಿ ಗುರುತಿಸಿತು. ಬೀದಿಯಲ್ಲಿ ತಲೆಯೆತ್ತಿ ನೋಡಿ, ವಿದ್ಯುತ್ ತಂತಿ ಕಾಣುವುದಿಲ್ಲ.

ನಾಗಿಸೊ ನಿಲ್ದಾಣಕ್ಕೆ ಬಸ್ಸುಗಳು ಕಡಿಮೆ, ವೇಳೆಯನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ. ತಪ್ಪಿದರೆ ಅದೇ ಹೆದ್ದಾರಿಯಲ್ಲಿ ಒಂದು ಗಂಟೆ ನಡಿಗೆ. ಅಂದು ಬಸ್ಸು ಎದುರಿಗೇ ನಿಂತಿತ್ತು; ಮಾವ ಹತ್ತಲಿಲ್ಲ, ನಡೆದೇ ಬಂದರು.