ಹೋದ ಹಬೆ ಎಷ್ಟು, ವಾಪಸ್ ಬಂದ ನೀರೆಷ್ಟು?

ಬಾಯ್ಲರ್ ಮನೆಯಲ್ಲಿ ‘ಕಂಡೆನ್ಸೇಟ್ ಎಷ್ಟು ವಾಪಸ್ ಬರ್ತಿದೆ?’ ಎಂದು ಕೇಳಿ ನೋಡಿ. ‘ಎಪ್ಪತ್ತೆಂಬತ್ತು ಪರ್ಸೆಂಟ್ ಇರಬಹುದು ಸಾರ್’ ಎಂಬ ಉತ್ತರ ಥಟ್ಟನೆ ಬರುತ್ತದೆ. ಅಳೆದವರು ಮಾತ್ರ ಯಾರೂ ಇರುವುದಿಲ್ಲ. ಎರಡು ವಾಟರ್ ಮೀಟರ್, ಒಂದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಮೀಟರ್, ಒಂದು ಥರ್ಮಾಮೀಟರ್ ಇದ್ದರೆ ಈ ಲೆಕ್ಕ ನೀವೇ ಹಾಕಬಹುದು.

ಹಬೆ ತನ್ನ ಶಾಖ ಕೊಟ್ಟು ಮತ್ತೆ ನೀರಾಗುತ್ತದಲ್ಲ, ಅದೇ ಕಂಡೆನ್ಸೇಟ್. ಬಿಸಿ ನೀರು, ಹೆಚ್ಚುಕಡಿಮೆ ಶುದ್ಧ. ಚರಂಡಿಗೆ ಬಿಟ್ಟರೆ ನೀರು, ಇಂಧನ, ಕೆಮಿಕಲ್ ಮೂರೂ ದಂಡ. ಫೀಡ್ ನೀರಿನ (ಬಾಯ್ಲರ್‌ಗೆ ಊಡುವ ನೀರು) ಬಿಸಿ 6 ಡಿಗ್ರಿ ಏರಿದರೆ ಇಂಧನ ಸುಮಾರು 1% ಉಳಿಯುತ್ತದೆ.

ಮೊದಲು ಮೀಟರ್ ಲೆಕ್ಕ. ಫೀಡ್ ಟ್ಯಾಂಕಿಗೆ ಬರುವುದು ಎರಡೇ ನೀರು: ಹೊಸದಾಗಿ ಸೇರಿಸುವ ಮೇಕಪ್ ಮತ್ತು ವಾಪಸ್ ಬಂದ ಕಂಡೆನ್ಸೇಟ್. ಟ್ಯಾಂಕಿನ ಮಟ್ಟ ಒಂದೇ ಇರುವಾಗ ರೀಡಿಂಗ್ ಶುರು ಮಾಡಿ, 24 ಗಂಟೆ ಬಿಟ್ಟು ಮತ್ತೆ ಅದೇ ಮಟ್ಟದಲ್ಲಿ ನೋಡಿ. ಫೀಡ್ ಮೀಟರ್ 102 ಸಾವಿರ ಲೀಟರ್, ಮೇಕಪ್ ಮೀಟರ್ 31 ಸಾವಿರ ಲೀಟರ್ ತೋರಿಸಿತು ಎನ್ನಿ. ಸುಮ್ನೆ ಕಳೆಯಬೇಡಿ. ಬಿಸಿ ನೀರು ಹಿಗ್ಗಿರುತ್ತದೆ. 67 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 0.98 ಕೆಜಿ ಮಾತ್ರ. ಹಾಗಾಗಿ ಫೀಡ್ ನೀರು 100 ಟನ್, ಮೇಕಪ್ 31 ಟನ್, ಉಳಿದ 69 ಟನ್ ಕಂಡೆನ್ಸೇಟ್. ಅಂದರೆ ಫೀಡ್ ನೀರಿನ 69%.

ಈಗ ಟಿಡಿಎಸ್‌ನಿಂದ ತಾಳೆ ನೋಡೋಣ. ನನಗೆ ಜಾಸ್ತಿ ನಂಬಿಕೆ ಇದರ ಮೇಲೆ, ಮೀಟರ್ ಕೆಟ್ಟಿದ್ದರೂ ಇದು ನಡೆಯುತ್ತದೆ. ಮೇಕಪ್, ಫೀಡ್, ಕಂಡೆನ್ಸೇಟ್ ಮೂರರ ಸ್ಯಾಂಪಲ್ ತೆಗೆಯಿರಿ. ಮೇಕಪ್ ಸ್ಯಾಂಪಲ್ ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯುವ ಘಟಕ) ದಾಟಿದ ಮೇಲೆ, ಫೀಡ್ ಸ್ಯಾಂಪಲ್ ಕೆಮಿಕಲ್ ಹಾಕುವ ಜಾಗಕ್ಕಿಂತ ಮೊದಲು. ಮೂರನ್ನೂ ಒಂದೇ ಉಷ್ಣತೆಗೆ ಆರಿಸಿ ಅಳೆಯಿರಿ. ಬಿಸಿ ಸ್ಯಾಂಪಲ್‌ನ ಕಂಡಕ್ಟಿವಿಟಿ (ವಿದ್ಯುತ್ ಹರಿಸುವ ಗುಣ, ಟಿಡಿಎಸ್ ಮೀಟರ್ ಅಳೆಯುವುದು ಇದನ್ನೇ) ಡಿಗ್ರಿಗೆ ಸುಮಾರು 2% ಏರಿ, ರೀಡಿಂಗ್ ದಾರಿ ತಪ್ಪಿಸುತ್ತದೆ.

ಕಂಡೆನ್ಸೇಟ್ % = (ಮೇಕಪ್ − ಫೀಡ್) ÷ (ಮೇಕಪ್ − ಕಂಡೆನ್ಸೇಟ್) × 100

ಮೇಕಪ್ 400 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ), ಫೀಡ್ 130, ಕಂಡೆನ್ಸೇಟ್ 10 ಇದ್ದರೆ 270 ಭಾಗಿಸು 390, ಅಂದರೆ 69%. ಮೀಟರ್ ಲೆಕ್ಕಕ್ಕೆ ತಾಳೆಯಾಯಿತು ಅಲ್ವಾ? ಫೀಡ್ ಟ್ಯಾಂಕಿಗೆ ನೇರವಾಗಿ ಹಬೆ ಬಿಟ್ಟು ಬಿಸಿ ಮಾಡುತ್ತಿದ್ದರೆ ಅದೂ ಕಂಡೆನ್ಸೇಟ್ ಲೆಕ್ಕಕ್ಕೇ ಸೇರಿಬಿಡುತ್ತದೆ, ಹುಷಾರು. ಮೇಕಪ್ ಆರ್‌ಒ ನೀರಾದರೆ ಈ ದಾರಿ ಬೇಡ. ಎರಡೂ ನೀರಿನ ಟಿಡಿಎಸ್ ಹತ್ತಿರ ಹತ್ತಿರ ಇರುವುದರಿಂದ ಉತ್ತರ ಓಲಾಡುತ್ತದೆ.

ಇದೇ ಸೂತ್ರದಲ್ಲಿ ಟಿಡಿಎಸ್ ಬದಲು ಉಷ್ಣತೆ ಹಾಕಿಯೂ ಅಂದಾಜಿಸಬಹುದು. ಮೇಕಪ್ 25 ಡಿಗ್ರಿ, ಕಂಡೆನ್ಸೇಟ್ 90, ಫೀಡ್ 67 ಇದ್ದರೆ 42 ಭಾಗಿಸು 65, ಸುಮಾರು 65%. ಕಡಿಮೆ ಬಂದದ್ದಕ್ಕೆ ಕಾರಣ, ಟ್ಯಾಂಕಿನ ಮೈಯಿಂದ ಶಾಖ ಸೋರುತ್ತಿದೆ.

ಇನ್ನು ಬ್ಲೋಡೌನ್, ಅಂದರೆ ಲವಣ ಹೆಚ್ಚಾಗದಂತೆ ಬಾಯ್ಲರ್‌ನಿಂದ ಹೊರಬಿಡುವ ನೀರು. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಫೀಡ್ ನೀರೆಲ್ಲ ಹಬೆಯಾಗುವುದಿಲ್ಲ. ಬಾಯ್ಲರ್ ಒಳಗಿನ ನೀರು 2,600 ಪಿಪಿಎಂ ಇದ್ದರೆ, 130 ಭಾಗಿಸು 2,600, ಅಂದರೆ ಫೀಡ್ ನೀರಿನ 5% ಬ್ಲೋಡೌನ್‌ನಲ್ಲಿ ಹೋಗುತ್ತದೆ. ಹಬೆಯಾದದ್ದು 95 ಟನ್. ಅದರಲ್ಲಿ 69 ಟನ್ ಬಂತು, ಅಂದರೆ ಹಬೆಯ ಸುಮಾರು 73%. ಫೀಡ್ ನೀರಿನ ಪರ್ಸೆಂಟೋ ಹಬೆಯ ಪರ್ಸೆಂಟೋ ಎಂದು ರಿಜಿಸ್ಟರಿನಲ್ಲಿ ಬರೆದಿಡಿ. ಇಲ್ಲದಿದ್ದರೆ ಮುಂದಿನ ತಿಂಗಳು ನಿಮಗೇ ಗೊಂದಲ.

ಉಳಿದ 26 ಟನ್ ಎಲ್ಲಿ? ಎಲ್ಲವೂ ಸೋರಿಕೆಯಲ್ಲ. ಕಾರ್ಖಾನೆಯ ಕೆಲಸದ ತೊಟ್ಟಿಯ (ಫೀಡ್ ಟ್ಯಾಂಕ್ ಅಲ್ಲ) ನೀರಿಗೆ ನೇರವಾಗಿ ಬಿಡುವ ಹಬೆ ವಾಪಸ್ ಬರುವ ಮಾತೇ ಇಲ್ಲ. ಅದು 18 ಟನ್ ಎಂದಿಟ್ಟುಕೊಂಡರೆ ಹುಡುಕಬೇಕಾದದ್ದು 8 ಟನ್ ಮಾತ್ರ. ಮೊದಲು ಕಂಡೆನ್ಸೇಟ್ ಟ್ಯಾಂಕಿನ ವೆಂಟ್ ಪೈಪ್ ನೋಡಿ. 7 ಬಾರ್ ಒತ್ತಡದ ಬಿಸಿ ಕಂಡೆನ್ಸೇಟ್ ಹೊರಗಿನ ಒತ್ತಡಕ್ಕೆ ಇಳಿದರೆ, ಟ್ರ್ಯಾಪ್ (ಹಬೆ ತಡೆದು ನೀರನ್ನಷ್ಟೇ ಬಿಡುವ ವಾಲ್ವ್) ಸರಿಯಿದ್ದರೂ ಸುಮಾರು 13% ಮತ್ತೆ ಹಬೆಯಾಗಿ ಹಾರುತ್ತದೆ. ಅದಕ್ಕಿಂತ ಜಾಸ್ತಿ ಜೋರಾಗಿ ಉಗುಳುತ್ತಿದ್ದರೆ ಟ್ರ್ಯಾಪ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ. ಆಮೇಲೆ ಟ್ಯಾಂಕಿನ ಓವರ್‌ಫ್ಲೋ ಪೈಪಿನ ಬಾಯಿಗೆ ಒಂದು ಬಕೆಟ್ ಇಟ್ಟು ರಾತ್ರಿ ಪಾಳಿ ಮುಗಿದ ಮೇಲೆ ನೋಡಿ.