ನ್ಯೂಯಾರ್ಕಿನಲ್ಲಿ ಹಳೇ ಮನೆ ಸೋರಿದರೆ ಯಾರಿಗೆ ಹೇಳಬೇಕು?

ಹೋದ ಮೇ ತಿಂಗಳಲ್ಲಿ ನ್ಯೂಯಾರ್ಕಿನಿಂದ ಶಿರಸಿ ಹತ್ತಿರದ ನಮ್ಮ ಮನೆಗೆ ಹೋದಾಗ ಮಾಡಿನ ಮೇಲೆ ಇಬ್ಬರು ಹಂಚು ಕೈಯಾಡಿಸುತ್ತಿದ್ದರು. ನಡುವೆ ಒಬ್ಬ ಕೆಳಗಿಳಿದು ಬಂದು ಬಚ್ಚಲಮನೆ ಬಾಗಿಲು ಸರಿ ಮಾಡಿದ, ತೋಟದ ಪಂಪಿನ ಫೂಟ್‌ವಾಲ್ವ್ ನೋಡಿದ, ಚಹಾ ಕುಡಿದು ಮತ್ತೆ ಏಣಿ ಹತ್ತಿದ. ಲೆಕ್ಕ ಎಲ್ಲ ಸಂಜೆಗೆ, ಬಾಯಿಮಾತಿನಲ್ಲೇ. ಜಗುಲಿಯಲ್ಲಿ ಕೂತಿದ್ದ ಅತ್ತೆ ಇದನ್ನೆಲ್ಲ ನೋಡುತ್ತಾ ಕೇಳಿದಳು: "ತಮಾ, ಅಲ್ಲಿ ಮನೆ ಸೋರಿದ್ರೆ ಯಾರಿಗೆ ಹೇಳವು?" ಅವಳ ಮೊಮ್ಮಗಳು ಆಗಸ್ಟಿನಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ಗೆ ಹೊರಟಿದ್ದಳು. ಬಾಡಿಗೆಗೆ ಸಿಕ್ಕಿದ್ದು 1920ರ ದಶಕದ ಆರು ಮಹಡಿಯ ಕಟ್ಟಡದಲ್ಲಿ ಒಂದು ಮನೆ.

ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ ಅದು. ಆ ಹುಡುಗಿಗೂ, ಕುಮಟಾ, ಕಾರವಾರ, ಯಲ್ಲಾಪುರದ ಕಡೆಯಿಂದ ಅಲ್ಲಿಗೆ ಹೋಗುವ ಬೇರೆಯವರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮೂರಲ್ಲಿ ಏನು ಕೆಟ್ಟರೂ ಗುರುತಿನ ಆಚಾರಿಗೋ ಗೌಂಡಿಗೋ ಫೋನ್ ಹೋಗುತ್ತದೆ. ನ್ಯೂಯಾರ್ಕಿನಲ್ಲಿ ಫೋನ್ ಎತ್ತುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಕೆಟ್ಟದ್ದು ಯಾರ ಸೊತ್ತು? ಬಾಡಿಗೆ ಮನೆಯಾದರೆ ನಲ್ಲಿ, ಕಮೋಡು, ಗೋಡೆ, ಕಿಟಕಿ, ಮನೆಯ ಜೊತೆಗೇ ಬಂದ ಒಲೆ ಮತ್ತು ಫ್ರಿಜ್, ಎಲ್ಲ ಮಾಲೀಕನದ್ದು. ರಿಪೇರಿಯೂ ಅವನದ್ದೇ, ಖರ್ಚೂ ಅವನದ್ದೇ. ನೀವು ತಂದಿಟ್ಟ ಮಂಚ, ಕಪಾಟು, ಟಿವಿ ಮಾತ್ರ ನಿಮ್ಮದು. ನಮ್ಮವರು ಎಡವುವುದು ಇಲ್ಲೇ. ಸುಮ್ನೆ ಯಾಕೆ ತಕರಾರು ಅಂತ ಕೈಯಿಂದ ದುಡ್ಡು ಕೊಟ್ಟು ಹ್ಯಾಂಡಿಮ್ಯಾನ್, ಅಂದರೆ ಸಣ್ಣಪುಟ್ಟ ರಿಪೇರಿ ಮಾಡುವವನನ್ನು ಕರೆಸುತ್ತಾರೆ. ದುಡ್ಡೂ ಹೋಯಿತು, ನಾಳೆ ಅದೇ ಪೈಪ್ ಒಡೆದು ಕೆಳಗಿನ ಮನೆಗೆ ನೀರು ಇಳಿದರೆ ಜಗಳವೂ ತಲೆಗೆ ಬಂತು.

ಮೊದಲು ಹೇಳಬೇಕಾದ್ದು ಸೂಪರ್‌ಗೆ. ಕಟ್ಟಡ ನೋಡಿಕೊಳ್ಳುವ ಸುಪರಿಂಟೆಂಡೆಂಟ್‌ನ ಹೆಸರನ್ನು ಎಲ್ಲರೂ ಹಾಗೆ ಮೊಟಕು ಮಾಡಿಕೊಂಡಿದ್ದಾರೆ. 9 ಅಥವಾ ಜಾಸ್ತಿ ಮನೆಗಳಿರುವ ಕಟ್ಟಡದಲ್ಲಿ ಮಾಲೀಕನೇ ವಾಸವಿಲ್ಲದಿದ್ದರೆ, ನೋಡಿಕೊಳ್ಳುವವನೊಬ್ಬ ಅದೇ ಕಟ್ಟಡದಲ್ಲಿ ಇಲ್ಲವೇ ತೀರಾ ಹತ್ತಿರದಲ್ಲೇ ಇರಬೇಕು ಅನ್ನುವುದು ಆ ನಗರದ ಕಾನೂನು. ಹೆಸರು, ನಂಬರ್ ಕೆಳಗೆ ಬಾಗಿಲ ಹತ್ತಿರ ಹಾಕಿರುತ್ತಾರೆ. ಬಾಯಲ್ಲಿ ಹೇಳಿ, ಆಮೇಲೆ ಫೋಟೋ ಸಮೇತ ಮೆಸೇಜನ್ನೂ ಹಾಕಿ. ತಾರೀಕು ಉಳಿಯುತ್ತದೆ. ನಮ್ಮ ಕಡೆ ಹೀಗೆ ಮಾಡಿದರೆ 'ನಂಬಿಕೆ ಇಲ್ವಾ' ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೇಳಿಯೂ ಕೆಲಸ ಆಗದಿದ್ದರೆ ನಗರದ ಸಹಾಯವಾಣಿ 311ಕ್ಕೆ ಫೋನ್ ಮಾಡಿ. ದೂರು ಎಚ್‌ಪಿಡಿ ಅನ್ನುವ ನಗರದ ವಸತಿ ಇಲಾಖೆಗೆ ಹೋಗುತ್ತದೆ. ಇನ್‌ಸ್ಪೆಕ್ಟರ್ ಬಂದು ನೋಡಿ, ತಪ್ಪು ಕಂಡರೆ ಎ, ಬಿ, ಸಿ ಅಂತ ದರ್ಜೆ ಹಾಕುತ್ತಾರೆ. ಎ ಆದರೆ ಮಾಲೀಕನಿಗೆ 90 ದಿನ, ಬಿ ಆದರೆ 30 ದಿನ. ಸಿ ಅಂದರೆ ಕೂಡಲೇ ಅಪಾಯ ಇರುವಂಥದ್ದು, ಅದರಲ್ಲಿ ಹೆಚ್ಚಿನವಕ್ಕೆ 24 ಗಂಟೆ. ವೀಸಾದ ಮೇಲೆ ಇರುವವರು ದೂರು ಕೊಡಲು ಹೆದರುತ್ತಾರೆ. ಹೆದರಬೇಕಾಗಿಲ್ಲ. ದೂರು ಕೊಟ್ಟರು ಅಂತ ಮಾಲೀಕ ಸೇಡು ತೀರಿಸಿಕೊಳ್ಳುವುದೇ ಅಲ್ಲಿ ಕಾನೂನಿಗೆ ವಿರುದ್ಧ. ಇಲಾಖೆಯ ಮಾತಿಗೂ ಮಾಲೀಕ ಬಗ್ಗದಿದ್ದರೆ ಹೌಸಿಂಗ್ ಕೋರ್ಟ್ ಇದೆ. ಅಲ್ಲಿಯತನಕ ಹೋಗಬೇಕಾಗುವುದು ಕಡಿಮೆ.

ಇನ್ನು ಚಳಿಗಾಲ. ಹಳೇ ಕಟ್ಟಡಗಳಲ್ಲಿ ಮನೆಗಳನ್ನು ಬೆಚ್ಚಗಿಡಲು ನೆಲಮಾಳಿಗೆಯ ಬಾಯ್ಲರ್‌ನಲ್ಲಿ ನೀರು ಕಾಯಿಸಿ, ಹಬೆಯನ್ನು ಪೈಪಿನಲ್ಲಿ ಮೇಲಕ್ಕೆ ಕಳಿಸುತ್ತಾರೆ. ನಮ್ಮ ಬಚ್ಚಲ ಹಂಡೆಯ ದೊಡ್ಡಣ್ಣ ಅನ್ನಿ. ಮನೆಯೊಳಗೆ ಆ ಹಬೆಯಿಂದ ಬಿಸಿಯಾಗಿ ಕೋಣೆ ಕಾಯಿಸುವ ಬೀಡಿನ ರೇಡಿಯೇಟರ್ ಇರುತ್ತದೆ. ಹಬೆ ಅದರೊಳಗೆ ತಣಿದು ನೀರಾಗಿ, ಬಹಳ ಕಟ್ಟಡಗಳಲ್ಲಿ ಬಂದ ಪೈಪಿನಲ್ಲೇ ವಾಪಸ್ ಇಳಿಯಬೇಕು. ರೇಡಿಯೇಟರ್ ಪೈಪಿನ ಕಡೆಗಲ್ಲದೆ ಆಚೆಗೆ ವಾಲಿದ್ದರೆ ನೀರು ಅಲ್ಲೇ ನಿಲ್ಲುತ್ತದೆ, ಬರುವ ಹಬೆ ಅದಕ್ಕೆ ಬಡಿದು ಟಣ್ ಟಣ್ ಅಂತ ಸದ್ದು. ಮೊದಲ ವರ್ಷ ರಾತ್ರಿ ಎರಡು ಗಂಟೆಗೆ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಕೇಳಿ ನಾನು ಎದ್ದು ಕೂತಿದ್ದೆ. ಮೇಲಿನ ಮನೆಯವರೇ ಅಂದುಕೊಂಡು ಒಂದು ವಾರ ಅವರನ್ನು ಮಾತಾಡಿಸಲಿಲ್ಲ. ಕೊನೆಗೆ ಸೂಪರ್ ಬಂದು ರೇಡಿಯೇಟರ್ ಕಾಲಡಿ ಎರಡು ಮರದ ಚಕ್ಕೆ ತುರುಕಿದ. ಪೈಪು ಸೇರುವ ವಾಲ್ವ್ ಕಡೆಗೆ ಚೂರು ಇಳಿಜಾರಾಯಿತು, ಸದ್ದು ನಿಂತಿತು. ಇಂಥ ರೇಡಿಯೇಟರ್‌ನ ವಾಲ್ವನ್ನು ಪೂರ್ತಿ ತೆರೆಯಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ಸೆಕೆ ಅಂತ ಅರ್ಧ ತಿರುಗಿಸಿಟ್ಟರೆ ನೀರು ಇಳಿಯಲು ದಾರಿ ಸಾಲದೆ ಬಡಿತ ಶುರು, ಕೆಲವು ಸಲ ನೆಲವೂ ಒದ್ದೆ.

ರೇಡಿಯೇಟರ್ ಬಿಸಿಯೇ ಆಗದಿದ್ದರೆ ಈ ಲೆಕ್ಕ ನೆನಪಿರಲಿ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಬೆಳಿಗ್ಗೆ 6ರಿಂದ ರಾತ್ರಿ 10ರ ತನಕ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋದರೆ ಮನೆಯೊಳಗೆ ಕನಿಷ್ಠ 68 ಡಿಗ್ರಿ ಇರಬೇಕು. ರಾತ್ರಿ ಹೊರಗೆ ಎಷ್ಟೇ ಇದ್ದರೂ ಒಳಗೆ 62. ನಮ್ಮ ಲೆಕ್ಕದಲ್ಲಿ 68 ಅಂದರೆ 20 ಡಿಗ್ರಿ ಸೆಲ್ಸಿಯಸ್. ಒಂದು ಅಗ್ಗದ ಥರ್ಮಾಮೀಟರ್ ತಂದು ಗೋಡೆಗೆ ತೂಗುಹಾಕಿ. 'ಚಳಿ ಆಗ್ತಿದೆ' ಅನ್ನುವುದಕ್ಕಿಂತ 'ಐದು ಗಂಟೆಗೆ 61 ಇತ್ತು' ಅನ್ನುವ ದೂರಿಗೆ ತೂಕ ಜಾಸ್ತಿ.

ಹಾಗಾದರೆ ಹ್ಯಾಂಡಿಮ್ಯಾನ್ ಯಾವುದಕ್ಕೆ? ಕಪಾಟು ಜೋಡಿಸಲು, ಪರದೆಯ ಸರಳು ಹಾಕಲು, ಟಿವಿ ಗೋಡೆಗೆ ಏರಿಸಲು, ದೇವರ ಮಂಟಪ ಕೂರಿಸಲು. ಅವನಿಂದ ಮಾಡಿಸಬಾರದ್ದೂ ಇದೆ. ಗೋಡೆಯೊಳಗಿನ ಪೈಪು, ಗ್ಯಾಸ್ ಲೈನ್‌ಗೆ ಲೈಸೆನ್ಸ್ ಇರುವ ಪ್ಲಂಬರ್ ಬೇಕು. ಹೊಸ ವೈರ್ ಎಳೆಯಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಆ ಎರಡೂ ಲೈಸೆನ್ಸ್ ಕೊಡುವುದು ನಗರದ ಕಟ್ಟಡ ಇಲಾಖೆ. ಉಳಿದ ಮನೆ ರಿಪೇರಿ ಕೆಲಸ 200 ಡಾಲರ್ ದಾಟಿದರೆ ಮಾಡುವವನಿಗೆ ಹೋಮ್ ಇಂಪ್ರೂವ್‌ಮೆಂಟ್ ಕಾಂಟ್ರ್ಯಾಕ್ಟರ್ ಲೈಸೆನ್ಸ್ ಇರಬೇಕು. ಇದನ್ನು ಕೊಡುವುದು ಗ್ರಾಹಕರ ಇಲಾಖೆ. ನಂಬರ್ ಕೇಳಿ, 311ರಲ್ಲಿ ಇಲ್ಲವೇ ಇಲಾಖೆಯ ವೆಬ್‌ಸೈಟಿನಲ್ಲಿ ತಾಳೆ ನೋಡಿ. ಕೆಲಸ ದೊಡ್ಡದಾದರೆ ಬರಹದ ಒಪ್ಪಂದ ಬೇಕೇ ಬೇಕು. ಸಹಿ ಹಾಕಿದ ಮೇಲೂ ಮೂರು ಕೆಲಸದ ದಿನಗಳೊಳಗೆ ಬೇಡ ಅನ್ನಬಹುದು. ಗ್ಯಾಸಿನ ವಾಸನೆ ಬಂದರೆ ಮಾತ್ರ ಇದ್ಯಾವುದನ್ನೂ ಯೋಚಿಸಬೇಡಿ. ಸ್ವಿಚ್ ಮುಟ್ಟದೆ ಹೊರಗೆ ಹೋಗಿ, ತುರ್ತು ನಂಬರ್ 911ಕ್ಕೆ ಫೋನ್ ಮಾಡಿ.

ಗೋಡೆಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಚಿರೇಕಲ್ಲಿನ ಗೋಡೆಗೆ ಎಲ್ಲಿ ಬೇಕಾದರೂ ಗೂಟ ಹೊಡೆದು ಅಭ್ಯಾಸ. ಆ ಕಟ್ಟಡಗಳ ಒಳಗೋಡೆ ಬಹಳ ಕಡೆ ತೆಳ್ಳನೆ ಮರದ ಪಟ್ಟಿಗಳ ಮೇಲೆ ಮೆತ್ತಿದ ಗಾರೆ. ಮೊಳೆ ಹೊಡೆದರೆ ಅಂಗೈ ಅಗಲ ಉದುರುತ್ತದೆ. ಭಾರದ ವಸ್ತುವಿಗೆ ಟಾಗಲ್ ಬೋಲ್ಟ್ ಬೇಕು, ಗೋಡೆಯ ಹಿಂದೆ ಹೋಗಿ ರೆಕ್ಕೆ ಬಿಚ್ಚಿಕೊಳ್ಳುವಂಥದ್ದು. ಬಣ್ಣದ್ದು ಇನ್ನೂ ಗಂಭೀರ. ಸೀಸ ಬೆರೆತ ಬಣ್ಣವನ್ನು ನ್ಯೂಯಾರ್ಕ್ ನಗರ 1960ರಲ್ಲಿ ನಿಷೇಧಿಸಿತು, ಇಡೀ ಅಮೆರಿಕ 1978ರಲ್ಲಿ. 1920ರ ಕಟ್ಟಡ ಅಂದರೆ ಪದರದಡಿ ಅದು ಇದೆ ಅಂತಲೇ ತಿಳಿಯಿರಿ. ಉಜ್ಜುಕಾಗದ ಹಿಡಿದು ಕಿಟಕಿ ಕೆರೆಯಲು ಹೋಗಬೇಡಿ. ಆ ಧೂಳು ಸಣ್ಣ ಮಕ್ಕಳ ಮಿದುಳಿಗೆ ವಿಷ. ಮನೆಯಲ್ಲಿ 6 ವರ್ಷದೊಳಗಿನ ಮಗು ಇದ್ದರೆ ಮಾಲೀಕನಿಗೆ ಬರೆದು ತಿಳಿಸಿ, ಬಣ್ಣ ಎದ್ದದ್ದನ್ನು ಸರಿಪಡಿಸುವುದು ಅವನ ಹೊಣೆ. 10 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿದ್ದರೆ ಕಿಟಕಿಗೆ ಸರಳಿನ ತಡೆಯನ್ನೂ ಅವನೇ ಹಾಕಿಸಬೇಕು. ಅಂದಹಾಗೆ, ಮೂರು ಅಥವಾ ಜಾಸ್ತಿ ಮನೆಗಳಿರುವ ಬಾಡಿಗೆ ಕಟ್ಟಡದಲ್ಲಿ ಮೂರು ವರ್ಷಕ್ಕೊಮ್ಮೆ ಬಣ್ಣ ಹೊಡೆಸಿಕೊಡುವುದೂ ಮಾಲೀಕನ ಕೆಲಸ. ಕೇಳದಿದ್ದರೆ ಯಾರೂ ಹೊಡೆಸುವುದಿಲ್ಲ.

ಅಡುಗೆಮನೆಯ ವಿಷಯ ಬಂದರೆ ತಪ್ಪು ನಮ್ಮದೇ. ಕಾಯಿತುರಿ, ಗಂಜಿ, ಮೀನಿನ ಹುರುಪೆ ಎಲ್ಲ ಸಿಂಕಿಗೆ. ಊರಲ್ಲಿ ಅದು ಬಾಳೆಬುಡಕ್ಕೆ ಹೋಗುತ್ತದೆ, ಅಲ್ಲಿ ನೂರು ವರ್ಷದ ಕಬ್ಬಿಣದ ಪೈಪಿಗೆ. ಒಗ್ಗರಣೆಯ ಎಣ್ಣೆ ಚಳಿಗೆ ಹೆಪ್ಪುಗಟ್ಟಿ ಕಾಯಿತುರಿಯನ್ನು ಹಿಡಿದುಕೊಂಡರೆ ಕೆಳಗಿನ ಮನೆಯ ಸಿಂಕಿನಲ್ಲಿ ನಿಮ್ಮ ಮನೆಯ ಸಾರು ಮೇಲೆ ಬರುತ್ತದೆ. ಸಿಂಕಿನಡಿ ಕಸ ಅರೆಯುವ ಮೆಷಿನ್ ಹಾಕಿಸೋಣ ಅಂದರೆ, ನಗರದಲ್ಲಿ 1997ರ ತನಕ ಅದು ನಿಷೇಧವಾಗಿತ್ತು. ಈಗಲೂ ಎಷ್ಟೋ ಹಳೇ ಕಟ್ಟಡಗಳು ಬೇಡ ಅನ್ನುತ್ತವೆ. ಎರಡು ಡಾಲರಿನ ಜಾಲರಿ ಸಾಕು. ಮೆಣಸು ಹುರಿದಾಗ ಸ್ಮೋಕ್ ಅಲಾರಾಂ ಕೂಗುತ್ತದೆ ಅಂತ ಅದರ ಬ್ಯಾಟರಿ ಕೀಳಬೇಡಿ, ಕಿಟಕಿ ತೆರೆಯಿರಿ.

ಕೆಲವು ವರ್ಷವಾದ ಮೇಲೆ ಕೊ-ಆಪ್ ಮನೆ ಕೊಳ್ಳುವವರಿಗೆ ಯಾವುದು ಯಾರ ಹೊಣೆ ಅನ್ನುವ ಗೆರೆ ಬೇರೆ ಕಡೆ ಬೀಳುತ್ತದೆ. ಅಲ್ಲಿ ನೀವು ಕೊಳ್ಳುವುದು ಕಟ್ಟಡದ ಕಂಪನಿಯ ಷೇರು. ಸಾಮಾನ್ಯವಾಗಿ ಗೋಡೆಯೊಳಗಿನ ಪೈಪು ಕಟ್ಟಡದ್ದು, ಗೋಡೆಯಿಂದ ಈಚೆಗೆ ನಿಮ್ಮದು. ಆಗ ಹ್ಯಾಂಡಿಮ್ಯಾನ್ ನಿಜಕ್ಕೂ ಬೇಕಾಗುತ್ತದೆ. ನಾನು ಬಾತ್‌ರೂಮಿನ ಟೈಲ್ಸ್ ಕಿತ್ತು ಹಾಕಿಸಲು ಒಬ್ಬನನ್ನು ಗೊತ್ತು ಮಾಡಿದೆ. ಲೈಸೆನ್ಸ್ ಇತ್ತು, ಕೈ ಚೆನ್ನಾಗಿತ್ತು, ಮುಂಗಡವನ್ನೂ ಕೊಟ್ಟಿದ್ದೆ. ಬೆಳಿಗ್ಗೆ ಟೈಲ್ಸ್ ಹೊತ್ತು ಬಂದವನನ್ನು ಡೋರ್‌ಮ್ಯಾನ್ ಲಾಬಿಯಲ್ಲೇ ತಡೆದ. ಸಿಓಐ ಎಲ್ಲಿ? ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್ ಅಂತ. ಕೆಲಸಗಾರನ ವಿಮೆ ಕಟ್ಟಡದ ಹೆಸರನ್ನೂ ಸೇರಿಸಿಕೊಂಡಿದೆ ಅನ್ನುವ ಒಂದು ಹಾಳೆ. ಅವನಿಗೆ ವಿಮೆಯೇ ಇರಲಿಲ್ಲ. ಮುಂಗಡ ವಾಪಸ್ ಬರಲಿಲ್ಲ, ಟೈಲ್ಸ್ ಎರಡು ತಿಂಗಳು ನಮ್ಮ ಮಂಚದಡಿ ಮಲಗಿದ್ದವು. ಈಗ ನಾನು ರೇಟು ಕೇಳುವ ಮುಂಚೆ ಸಿಓಐ ಕೇಳುತ್ತೇನೆ. ದೊಡ್ಡ ಕೆಲಸಕ್ಕೆ ಕಟ್ಟಡದ ಮಂಡಳಿಯ ಜೊತೆ ಬೇರೆ ಒಪ್ಪಂದವೂ ಬೇಕು, ಕೆಲಸದ ವೇಳೆಯನ್ನೂ ಅವರೇ ಹೇಳುತ್ತಾರೆ. ಭಾನುವಾರ ಡ್ರಿಲ್ ಹಿಡಿಯುವ ಮಾತೇ ಇಲ್ಲ.

ಸೂಪರ್‌ಗೆ ದುಡ್ಡು ಕೊಡಬೇಕಾ ಅಂತ ಅತ್ತೆ ಕೊನೆಗೆ ಕೇಳಿದಳು. ಅವನ ದಿನದ ಕೆಲಸಕ್ಕೆ ಬೇಡ, ಅದಕ್ಕೆ ಸಂಬಳ ಇದೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಲಕೋಟೆಯಲ್ಲಿ ಹಾಕಿ ಕೈಗೆ ಕೊಡುವುದು ಅಲ್ಲಿಯ ರೂಢಿ, ಎಷ್ಟು ಅಂತ ಪಕ್ಕದ ಮನೆಯವರನ್ನು ಕೇಳಿಕೊಳ್ಳಿ. ನಾನು ಲಕೋಟೆಯ ಜೊತೆ ಊರಿಂದ ತಂದ ತೊಡದೇವಿನ ಪೊಟ್ಟಣವನ್ನೂ ಕೊಡುತ್ತೇನೆ. ಅದು ಕಾಗದವೋ ತಿಂಡಿಯೋ ಅಂತ ಮೊದಲ ಸಲ ಅವನು ಬೆಳಕಿಗೆ ಹಿಡಿದು ನೋಡಿದ್ದ.